ಗುಡಿಯನ್ನು ‘ಗ್ರ್ಯಾಂಡಿಯೋಸ್’ ಅಂದರೆ ಹೊಗಳಿದಂತೋ, ತೆಗಳಿದಂತೋ?

ಲಕ್ಕುಂಡಿ ದಾರಿ, ಗದಗ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದ ಬಗ್ಗೆ ಕೇಳಬೇಕಿತ್ತು. ಮೂರು ದಿನದಿಂದ ಅದು ತಲೆಯಿಂದ ಹೋಗುತ್ತಿಲ್ಲ.

ನಾನು ಗದಗಿನವಳು. ಲಕ್ಕುಂಡಿಗೆ ಬರುವವರಿಗೆ ಗುಡಿ, ಬಾವಿಗಳನ್ನು ತೋರಿಸುತ್ತೇನೆ. ಹೊರದೇಶದವರ ಕೈಗೆ ಕೊಡೋಣ ಅಂತ ಇಂಗ್ಲಿಷಿನಲ್ಲಿ ಒಂದು ಪುಟದ ಹಾಳೆ ಬರೆದಿದ್ದೆ. ಕಾಶಿವಿಶ್ವೇಶ್ವರ ಗುಡಿಯ ಬಗ್ಗೆ ಮೊದಲ ಸಾಲಿನಲ್ಲೇ ‘ಗ್ರ್ಯಾಂಡಿಯೋಸ್ ಟೆಂಪಲ್’ ಅಂತ ಹಾಕಿದ್ದೆ. ‘ಗ್ರ್ಯಾಂಡ್’ ಅಂದರೆ ಭವ್ಯ, ‘ಗ್ರ್ಯಾಂಡಿಯೋಸ್’ ಅಂದರೆ ಅದಕ್ಕಿಂತ ಜಾಸ್ತಿ ಭವ್ಯ ಅಂತ ನನ್ನ ಲೆಕ್ಕ.

ಭಾನುವಾರ ಇಂಗ್ಲೆಂಡಿನಿಂದ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಆ ಹೆಂಗಸು ಹಾಳೆ ಓದಿದರು. ತಲೆ ಎತ್ತಿ ಗುಡಿ ನೋಡಿದರು. ಮತ್ತೆ ಹಾಳೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ‘ನಿನಗೆ ಈ ಗುಡಿ ಇಷ್ಟ ಇಲ್ವಾ?’ ಅಂತ ಕೇಳಿದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಸಣ್ಣವಳಿದ್ದಾಗಿನಿಂದ ಆಡಿದ ಜಾಗ ಅದು. ಇಷ್ಟ ಇಲ್ಲದೆ ಇರುತ್ತಾ? ಅವರು ನಗಲಿಲ್ಲ, ತಿದ್ದಲೂ ಇಲ್ಲ. ಆ ಪದದಲ್ಲಿ ಸ್ವಲ್ಪ ಬೇರೆ ವಾಸನೆ ಇದೆ ಅಂದರು ಅಷ್ಟೇ. ಆ ವಾಸನೆ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಶಿಗ್ಗಾವಿ ಹುಡುಗ, ಸದ್ಯ ಧಾರವಾಡ

ಅಕ್ಕಾ, ನನಗೂ ಇದು ಹೊಸ ವಿಷಯ. ನಾನು ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ನೋಟ್ಸಿನಲ್ಲಿ ಗ್ರ್ಯಾಂಡ್, ಗ್ರ್ಯಾಂಡಿಯೋಸ್, ಮೆಜೆಸ್ಟಿಕ್, ಮ್ಯಾಗ್ನಿಫಿಸೆಂಟ್ ನಾಲ್ಕೂ ಒಂದೇ ಸಾಲಿನಲ್ಲಿವೆ. ಸಮಾನಾರ್ಥಕ ಪದಗಳು ಅಂತ ಬಾಯಿಪಾಠ ಮಾಡಿದ್ದೇನೆ. ಅರ್ಥ ಒಂದೇ ಆದರೆ ಒಂದರ ಬದಲು ಇನ್ನೊಂದು ಹಾಕಿದರೆ ತಪ್ಪು ಹೇಗಾಗುತ್ತದೆ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ತಂಗಿ, ಆ ಹೆಂಗಸು ಕೇಳಿದ್ದು ಸರಿಯಾದ ಪ್ರಶ್ನೆ. ನೀನು ಬರೆದದ್ದೂ ಪೂರ್ತಿ ತಪ್ಪಲ್ಲ. ಎರಡನ್ನೂ ಹೇಳುತ್ತೇನೆ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಲ್ಯಾಟಿನ್ನಿನಲ್ಲಿ ‘ಗ್ರ್ಯಾಂಡಿಸ್’ ಅಂದರೆ ದೊಡ್ಡದು. ಅದರಿಂದ ಇಟಾಲಿಯನ್ನಿನ ‘ಗ್ರ್ಯಾಂಡಿಯೋಸೋ’ ಬಂತು. ಅಲ್ಲಿಂದ ಫ್ರೆಂಚಿಗೆ ಹೋಗಿ ‘ಗ್ರ್ಯಾಂಡಿಯೋಸ್’ ಆಯಿತು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಇಂಗ್ಲಿಷಿನಲ್ಲಿ ‘ಗ್ರ್ಯಾಂಡ್’ ಇತ್ತು, ‘ಮ್ಯಾಗ್ನಿಫಿಸೆಂಟ್’ ಇತ್ತು, ‘ಮೆಜೆಸ್ಟಿಕ್’ ಇತ್ತು. ಹೊಗಳಲು ಪದಗಳಿಗೆ ಬರವಿರಲಿಲ್ಲ. ತಡವಾಗಿ ಬಂದ ಈ ಪದಕ್ಕೆ ಬೇರೊಂದು ಕೆಲಸ ಸಿಕ್ಕಿತು. ದೊಡ್ಡದಾಗಿ ಕಾಣಬೇಕು ಎಂಬ ಆಸೆಯಿಂದ ದೊಡ್ಡದಾದದ್ದನ್ನು ಹೇಳುವ ಕೆಲಸ.

ನಿಘಂಟು ತೆಗೆದರೆ ಎರಡು ಅರ್ಥ ಸಿಗುತ್ತವೆ. ಒಂದು, ಗಾತ್ರದಿಂದ ಅಥವಾ ಯೋಜನೆಯ ಹರವಿನಿಂದ ಬೆರಗು ಹುಟ್ಟಿಸುವಂಥದ್ದು. ಇನ್ನೊಂದು, ಇಲ್ಲದ ದೊಡ್ಡಸ್ತಿಕೆ ತೋರಿಸುವಂಥದ್ದು. ಮೊದಲನೆಯದು ಇನ್ನೂ ಬಳಕೆಯಲ್ಲಿದೆ. ಆದರೆ ಇವತ್ತು ಇಂಗ್ಲಿಷ್ ಆಡುವವರ ಕಿವಿಗೆ ಮೊದಲು ಬೀಳುವುದು ಎರಡನೆಯದೇ.

ಯಾವ ಪದಗಳ ಜೊತೆ ಇದು ಓಡಾಡುತ್ತದೆ ನೋಡಿ. ಗ್ರ್ಯಾಂಡಿಯೋಸ್ ಪ್ಲಾನ್, ಗ್ರ್ಯಾಂಡಿಯೋಸ್ ಸ್ಕೀಮ್, ಗ್ರ್ಯಾಂಡಿಯೋಸ್ ಕ್ಲೇಮ್. ಕೈಲಾಗದ ಯೋಜನೆ, ನಂಬಲಾಗದ ಮಾತು. ಒಂದು ಪದದ ಗುಣ ಗೊತ್ತಾಗಬೇಕಾದರೆ ಅದರ ಸಂಗಡಿಗರನ್ನು ನೋಡಬೇಕು. ಶಿಗ್ಗಾವಿ ತಮ್ಮಾ, ನಿನ್ನ ನೋಟ್ಸು ಸುಳ್ಳು ಹೇಳಿಲ್ಲ. ಆದರೆ ಸಂಗಡಿಗರನ್ನು ಬಿಟ್ಟು ಪದವನ್ನು ಒಂಟಿಯಾಗಿ ನಿಲ್ಲಿಸಿದೆ.

ಉಣಕಲ್ ಕೆರೆ, ಹುಬ್ಬಳ್ಳಿ

ಮೇಷ್ಟ್ರೇ, ಇದನ್ನು ಓದಿ ಎದೆ ಧಸಕ್ ಅಂತು. ನಾನು ಮುದ್ರಣದ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆಗಳೇ ಜಾಸ್ತಿ. ಹೋದ ವರ್ಷ ಒಬ್ಬರು ಬಂದು, ‘ಗ್ರ್ಯಾಂಡ್ ರಿಸೆಪ್ಷನ್ ಅಂತ ಎಲ್ಲರೂ ಹಾಕಿಸುತ್ತಾರೆ, ನಮ್ಮದಕ್ಕೆ ಅದಕ್ಕಿಂತ ದೊಡ್ಡದು ಹಾಕಿ’ ಅಂದರು. ನಾನು ‘ಗ್ರ್ಯಾಂಡಿಯೋಸ್ ರಿಸೆಪ್ಷನ್’ ಅಂತ ಹಾಕಿ 500 ಕಾರ್ಡು ಕೊಟ್ಟೆ. ಅವರೂ ಖುಷಿಯಿಂದ ಹಂಚಿದರು. ಹಾಗಾದರೆ ಅದರ ಅರ್ಥ ‘ಆಡಂಬರದ ಆರತಕ್ಷತೆಗೆ ಬನ್ನಿ’ ಅಂತ ಆಯಿತಾ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ಇಂಗ್ಲಿಷ್ ಮನೆಮಾತಿನವರು ಓದಿದರೆ ಹೆಚ್ಚು ಕಡಿಮೆ ಹಾಗೇ ಕೇಳಿಸುತ್ತದೆ. ಕಾರ್ಡು ತೆಗೆದುಕೊಂಡವರು ಹಾಗೆ ಓದಿರಲಿಕ್ಕಿಲ್ಲ, ಚಿಂತೆ ಬಿಡಿ. ನಮ್ಮ ಕಡೆ ‘ಗ್ರ್ಯಾಂಡ್’ ಈಗ ಕನ್ನಡದ್ದೇ ಪದ ಆಗಿಬಿಟ್ಟಿದೆ. ‘ಮದುವೆ ಭಾಳ ಗ್ರ್ಯಾಂಡ್ ಆತು’ ಅಂದರೆ ಹೊಗಳಿಕೆ. ಅದರಲ್ಲಿ ಕೊಂಕಿಲ್ಲ. ಮುಂದಿನ ಸಲ ಅದನ್ನೇ ಹಾಕಿ, ಸಾಕು.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ

ನಾನು ಇಂಗ್ಲಿಷ್ ಅಷ್ಟಾಗಿ ಓದಿದವನಲ್ಲ. ಆದರೆ ಮೇಷ್ಟ್ರು ಮಾತಿನ ನಡುವೆ ‘ದೊಡ್ಡಸ್ತಿಕೆ’ ಅಂದರಲ್ಲ, ಅಲ್ಲೇ ನನಗೆ ಈ ಪದ ಅರ್ಥ ಆಯಿತು.

ನಮ್ಮ ಊರಲ್ಲಿ ‘ಅವರದು ದೊಡ್ಡಸ್ತಿಕೆ ಮನೆತನ’ ಅಂದರೆ ಮರ್ಯಾದೆ. ಬಂದವರಿಗೆ ಊಟ ಹಾಕುವ ಮನೆ, ನಾಲ್ಕು ಜನರ ಜಗಳ ಬಿಡಿಸುವ ಮನೆ. ಅದೇ ‘ಭಾಳ ದೊಡ್ಡಸ್ತಿಕಿ ತೋರಸ್ತಾನ’ ಅಂದರೆ ಬೈಗುಳ. ಪದ ಒಂದೇ. ಮೊದಲನೆಯದರಲ್ಲಿ ಅದು ಇದೆ. ಎರಡನೆಯದರಲ್ಲಿ ಅದನ್ನು ತೋರಿಸುತ್ತಿದ್ದಾರೆ. ‘ತೋರಿಸು’ ಅನ್ನೋ ಮಾತು ಸೇರಿದ ಕೂಡಲೇ ರುಚಿ ಕೆಟ್ಟಿತು. ಗ್ರ್ಯಾಂಡಿಯೋಸ್ ಅಂದರೆ ಒಳಗೇ ‘ತೋರಿಸು’ ಸೇರಿಕೊಂಡ ದೊಡ್ಡಸ್ತಿಕೆ, ಹೌದಲ್ರೀ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ಹೌದು. ಇಷ್ಟು ವರ್ಷ ಪಾಠ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ. ಇನ್ನು ಯಾರಾದರೂ ಕೇಳಿದರೆ ನಿಮ್ಮ ಈ ಮಾತನ್ನೇ ಹೇಳುತ್ತೇನೆ.

ರಾತ್ರಿ ಪಾಳಿ, ಹುಬ್ಬಳ್ಳಿ

ನಾನು ನರ್ಸ್. ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಈ ಪದವನ್ನು ನಾವು ಕೇಸ್ ಶೀಟಿನಲ್ಲಿ ಓದುತ್ತೇವೆ. ‘ಗ್ರ್ಯಾಂಡಿಯೋಸ್ ಡಿಲ್ಯೂಷನ್’ ಅಂತ ಇರುತ್ತದೆ. ತನಗೆ ವಿಶೇಷ ಶಕ್ತಿ ಇದೆ, ತಾನು ಕೋಟ್ಯಧಿಪತಿ, ದೇವರು ತನ್ನನ್ನೇ ಆರಿಸಿದ್ದಾನೆ ಅಂತ ಗಟ್ಟಿಯಾಗಿ ನಂಬುವುದು. ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆಯ ಮೇನಿಯಾ, ಅಂದರೆ ಏರಿದ ಹಂತದಲ್ಲಿ ಇದು ಕಾಣಿಸುತ್ತದೆ. ಬೇರೆ ಕಾಯಿಲೆಗಳಲ್ಲೂ ಬರಬಹುದು.

ಒಂದು ಮಾತು ಹೇಳಲೇಬೇಕು. ಅಲ್ಲಿ ಈ ಪದ ಬೈಗುಳ ಅಲ್ಲ. ಜಂಭ ಬೇರೆ, ಇದು ಬೇರೆ. ಆ ಮನುಷ್ಯ ಯಾರಿಗೂ ‘ತೋರಿಸು’ತ್ತಿಲ್ಲ. ಅವರಿಗೆ ಅದು ನಿಜವೇ. ರಾತ್ರಿಯಿಡೀ ನಿದ್ದೆ ಇಲ್ಲದೆ ಇಡೀ ಊರಿಗೆ ಮನೆ ಕಟ್ಟಿಸಿಕೊಡುವ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಹತ್ತಿರದವರು ದುಡ್ಡಿನ ವ್ಯವಹಾರ ಸ್ವಲ್ಪ ಹಿಡಿತದಲ್ಲಿಟ್ಟುಕೊಂಡು ಬೇಗ ವೈದ್ಯರಿಗೆ ತೋರಿಸಬೇಕು. ಔಷಧಿಯಿಂದ ಹತೋಟಿಗೆ ಬರುತ್ತದೆ. ಹಾಗಾಗಿ ಯಾರಾದರೂ ಸಿಟ್ಟಿಗೆ ‘ಅವನು ಗ್ರ್ಯಾಂಡಿಯೋಸ್’ ಅಂದಾಗ ನನಗೆ ನೋವಾಗುತ್ತದೆ.

ಲಕ್ಕುಂಡಿ ದಾರಿ, ಗದಗ

ಅಕ್ಕಾರೇ, ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದೇ ಪದಕ್ಕೆ ಆಸ್ಪತ್ರೆಯಲ್ಲಿ ಒಂದು ಬಾಳು, ಹೊರಗೆ ಇನ್ನೊಂದು ಬಾಳು.

ಹಾನಗಲ್ಲಿನವಳು, ಈಗ ಜರ್ಮನಿ

ನನ್ನ ಊರು ಹಾವೇರಿ ಜಿಲ್ಲೆಯ ಹಾನಗಲ್. ಕೆಲಸಕ್ಕೆ ಅಂತ ಇಲ್ಲಿ ಬಂದು ನಾಲ್ಕು ವರ್ಷ ಆಯಿತು. ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ.

ಜರ್ಮನ್ ಭಾಷೆಯಲ್ಲಿ ‘ಗ್ರಾಂಡಿಯೋಸ್’ ಅಪ್ಪಟ ಹೊಗಳಿಕೆ. ಊಟ ಚೆನ್ನಾಗಿದ್ದರೆ ಗ್ರಾಂಡಿಯೋಸ್, ಆಟ ಗೆದ್ದರೆ ಗ್ರಾಂಡಿಯೋಸ್. ನಮ್ಮ ‘ಭರ್ಜರಿ’ ಇದ್ದ ಹಾಗೆ. ಫ್ರೆಂಚಿನಲ್ಲೂ ಇಟಾಲಿಯನ್ನಿನಲ್ಲೂ ಅದು ಒಳ್ಳೆಯ ಮಾತೇ. ಹಾಗಾಗಿ ಇಲ್ಲಿಯವರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಒಮ್ಮೊಮ್ಮೆ ಹಾಗೇ ಹಾಕಿಬಿಡುತ್ತಾರೆ. ನಾನು ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ನನ್ನ ಕೆಲಸವನ್ನು ‘ಗ್ರ್ಯಾಂಡಿಯೋಸ್’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ನಿಘಂಟು ನೋಡಿ ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಅವರೇ ಬಂದು ಕೇಳಿದಾಗ ಗೊತ್ತಾಯಿತು, ಅವರು ಹೊಗಳಿದ್ದರು.

ಗೆಳತಿ, ನಿನ್ನ ಹಾಳೆಯನ್ನು ಒಬ್ಬ ಜರ್ಮನ್ ಓದಿದ್ದರೆ ಏನೂ ಅನ್ನುತ್ತಿರಲಿಲ್ಲ. ಓದಿದ್ದು ಇಂಗ್ಲೆಂಡಿನವರು. ಅದಕ್ಕೇ ಆ ಪ್ರಶ್ನೆ ಬಂತು.

ಪೇಟಿ ಪಾಠ, ಧಾರವಾಡ

ಸಂಗೀತದಲ್ಲೂ ಇದೆ. ನಾನು ಹಿಂದುಸ್ತಾನಿ ಕಲಿತವಳು. ಮಗಳಿಗೆ ಪಾಶ್ಚಾತ್ಯ ಪಿಯಾನೋ ಕಲಿಸುತ್ತಿದ್ದೇವೆ. ಅವಳ ಹಾಳೆಗಳಲ್ಲಿ ‘ಗ್ರ್ಯಾಂಡಿಯೋಸೋ’ ಅಂತ ಬರುತ್ತದೆ. ಆ ಭಾಗವನ್ನು ಗಂಭೀರವಾಗಿ, ತುಂಬು ನಾದದಲ್ಲಿ ನುಡಿಸು ಅಂತ ಸೂಚನೆ. ಅಲ್ಲಿ ಕೊಂಕು ಇಲ್ಲವೇ ಇಲ್ಲ. ಇಟಾಲಿಯನ್ ಪದ ಇಟಾಲಿಯನ್ ಆಗಿಯೇ ಉಳಿದಿದೆ.

ಶಿಗ್ಗಾವಿ ಹುಡುಗ, ಸದ್ಯ ಧಾರವಾಡ

ಹಾಗಾದರೆ ಇಂಗ್ಲಿಷಿಗೆ ಮಾತ್ರ ಯಾಕೆ ಈ ಕೊಂಕು ಹತ್ತಿತು? ಒಳ್ಳೆಯ ಪದಗಳು ಕೆಡುವುದು ಇಂಗ್ಲಿಷಿನಲ್ಲಿ ಜಾಸ್ತಿಯಾ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ಇಂಗ್ಲಿಷಿನಲ್ಲಿ ಮಾತ್ರ ಅಲ್ಲ ತಮ್ಮಾ. ಎಲ್ಲ ಭಾಷೆಯಲ್ಲೂ ಆಗುತ್ತದೆ. ‘ಪಾಂಪಸ್’ ಅಂತ ಒಂದು ಪದ ಇದೆ. ಇವತ್ತು ಅದು ಜಂಭದವನಿಗೆ ಹೇಳುವ ಮಾತು. ಅದರ ಬೇರು ಗ್ರೀಕಿನ ‘ಪಾಂಪೆ’. ಹಾಗಂದರೆ ಮೆರವಣಿಗೆ. ಹಿಂದೆ ‘ಪಾಂಪಸ್’ ಅಂದರೆ ವೈಭವದ, ಸೊಗಸಾದ ಎಂಬ ಅರ್ಥವೂ ಇತ್ತು.

ಈಗ ನಮ್ಮ ‘ಆಡಂಬರ’ ನೋಡು. ಸಂಸ್ಕೃತದಲ್ಲಿ ಆಡಂಬರ ಅಂದರೆ ಒಂದು ಬಗೆಯ ನಗಾರಿ, ಅದರ ದೊಡ್ಡ ಸದ್ದು. ಅಲ್ಲಿಂದ ಸದ್ದುಗದ್ದಲದ ವೈಭವ ಆಯಿತು. ಈಗ ಕನ್ನಡದಲ್ಲಿ ‘ಆಡಂಬರ ಮಾಡಬೇಡ’ ಅಂತ ಬುದ್ಧಿ ಹೇಳಲು ಬಳಸುತ್ತೇವೆ. ಅಲ್ಲಿ ಮೆರವಣಿಗೆ, ಇಲ್ಲಿ ನಗಾರಿ. ಇಂಗ್ಲಿಷ್ ಆಡುವವರೂ ಕನ್ನಡ ಆಡುವವರೂ ಒಂದೇ ದಾರಿ ಹಿಡಿದಿದ್ದಾರೆ. ಸದ್ದು ಜಾಸ್ತಿ ಆದಾಗ ಜನ ಒಳಗೇನಿದೆ ಅಂತ ನೋಡುತ್ತಾರೆ. ಎಲ್ಲ ಕಡೆ ಮನುಷ್ಯ ಸ್ವಭಾವ ಅದೇ.

ಉಣಕಲ್ ಕೆರೆ, ಹುಬ್ಬಳ್ಳಿ

ಸರ್, ‘ವಿಜೃಂಭಣೆ’ ಯಾವ ಕಡೆ? ಜಾತ್ರೆ ಪತ್ರಿಕೆಗಳಲ್ಲಿ ‘ರಥೋತ್ಸವ ವಿಜೃಂಭಣೆಯಿಂದ ಜರುಗಲಿದೆ’ ಅಂತ ಹಾಕದಿದ್ದರೆ ಕಮಿಟಿಯವರು ಒಪ್ಪುವುದೇ ಇಲ್ಲ.

ಸಪ್ತಾಪುರದ ಮೇಷ್ಟ್ರು, ಧಾರವಾಡ

ಅದು ಒಳ್ಳೆಯ ಕಡೆಯಲ್ಲೇ ಉಳಿದಿದೆ. ಅದರ ಮೂಲ ಅರ್ಥ ಕೇಳಿದರೆ ಆಶ್ಚರ್ಯ ಆಗುತ್ತದೆ. ಸಂಸ್ಕೃತದಲ್ಲಿ ‘ವಿಜೃಂಭಣ’ ಅಂದರೆ ಆಕಳಿಸುವುದು, ಬಾಯಿ ತೆರೆಯುವುದು. ಹಾಗೇ ಹೂ ಅರಳುವುದು, ಹರಡುವುದು. ಅರಳುವ ಅರ್ಥವನ್ನು ಹಿಡಿದುಕೊಂಡು ನಮ್ಮ ತೇರಿನವರೆಗೆ ಬಂದಿದೆ. ಜಾತ್ರೆ ಅಂದರೆ ಊರೇ ಅರಳುವುದು, ಅಲ್ವಾ? ಕಮಿಟಿಯವರು ಹೇಳಿದ್ದೇ ಸರಿ, ಬದಲಾಯಿಸಬೇಡಿ.

‘ಭರ್ಜರಿ’ಯನ್ನೂ ಯಾರೋ ಮೇಲೆ ಹೇಳಿದರು. ಮರಾಠಿಯಲ್ಲಿ ‘ಭರಜರೀ’ ಅಂದರೆ ಜರಿ ತುಂಬಿದ ಬಟ್ಟೆ. ನಮ್ಮಲ್ಲಿ ಊಟವೂ ಭರ್ಜರಿ, ಮಳೆಯೂ ಭರ್ಜರಿ. ಅದರಲ್ಲೂ ಕೊಂಕಿಲ್ಲ. ಆದರೆ ‘ಥಾಟು’, ‘ದೌಲತ್ತು’, ‘ದಿಮಾಕು’ ಇವುಗಳ ಹತ್ತಿರ ಹೋಗುವಾಗ ಹುಷಾರು. ‘ದೌಲತ್ತು’ ಮೂಲದಲ್ಲಿ ಸಂಪತ್ತು, ಆಳ್ವಿಕೆ. ‘ದಿಮಾಕು’ ಮೂಲದಲ್ಲಿ ಮಿದುಳು. ನಮ್ಮ ಬಾಯಲ್ಲಿ ಎರಡೂ ಸೊಕ್ಕಿನ ಪದಗಳಾದವು.

ಮುಂಡರಗಿ ಓದುಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಮೇಷ್ಟ್ರು ತಪ್ಪು ತಿಳಿಯಬಾರದು.

ಕಟ್ಟಡಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕಗಳಲ್ಲಿ ‘ಗ್ರ್ಯಾಂಡಿಯೋಸ್’ ಅನ್ನು ಒಳ್ಳೆಯ ಅರ್ಥದಲ್ಲಿ ನಾನೇ ಓದಿದ್ದೇನೆ. ನಿಘಂಟು ಕೂಡ ಆ ಅರ್ಥ ಕೊಡುತ್ತದೆ ಅಂತ ಮೇಷ್ಟ್ರೇ ಒಪ್ಪಿದ್ದಾರೆ. ಹಾಗಿದ್ದ ಮೇಲೆ ತಂಗಿ ಬರೆದದ್ದು ಸರಿಯೇ ಅಲ್ಲವೇ? ಇಂಗ್ಲೆಂಡಿನವರು ಒಬ್ಬರು ಹುಬ್ಬು ಏರಿಸಿದರು ಅಂತ ನಾವು ಪದ ಬಿಡಬೇಕಾ? ಭಾರತದಲ್ಲಿ ಇಂಗ್ಲಿಷ್ ಬಳಸುವವರು ಕೋಟಿ ಕೋಟಿ ಇದ್ದಾರೆ. ನಮ್ಮಲ್ಲಿ ಅದು ಹೊಗಳಿಕೆ ಆಗಿದ್ದರೆ ಹೊಗಳಿಕೆಯೇ.

ಸಪ್ತಾಪುರದ ಮೇಷ್ಟ್ರು, ಧಾರವಾಡ

ತಪ್ಪು ತಿಳಿಯುವುದೇನು, ನಿಮ್ಮ ಮಾತಿಗೆ ತೂಕ ಇದೆ. ಭಾರತದ ಇಂಗ್ಲಿಷಿಗೆ ಅದರದೇ ಮರ್ಯಾದೆ ಇದೆ, ಅದನ್ನು ನಾನು ಜೀವನವಿಡೀ ಹೇಳಿದ್ದೇನೆ. ನಮ್ಮವರು ನಮ್ಮವರಿಗೆ ಬರೆದ ಕಾರ್ಡಿನಲ್ಲಿ ಆ ಪದ ಇದ್ದರೆ ನಾನು ಕೆಂಪು ಶಾಯಿ ತೆಗೆಯುವುದಿಲ್ಲ.

ಆದರೆ ತಂಗಿಯ ಹಾಳೆ ಓದುವವರು ಯಾರು? ಹೊರಗಿನಿಂದ ಬಂದವರು. ಪುಸ್ತಕದಲ್ಲಾದರೆ ಮುಂದೆ ಹತ್ತು ಪುಟ ಇರುತ್ತದೆ, ಬರೆದವರ ಮನಸ್ಸು ಗೊತ್ತಾಗುತ್ತದೆ. ಒಂದು ಪುಟದ ಹಾಳೆಗೆ ಆ ಅವಕಾಶ ಇಲ್ಲ. ಮೊದಲ ಸಾಲಿನಲ್ಲೇ ಅನುಮಾನ ಬಂದರೆ ಮುಗಿಯಿತು. ಪದ ನಿಘಂಟಿನಲ್ಲಿ ಸರಿ ಇದ್ದು, ಓದುವವರ ಎದೆಯಲ್ಲಿ ಬೇರೆ ಆದರೆ ನಷ್ಟ ಯಾರಿಗೆ? ಗುಡಿಗೆ.

ನಾನು ಮಕ್ಕಳಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತಿದ್ದೆ. ಆ ಜಾಗದಲ್ಲಿ ‘ಆಡಂಬರದ’ ಅಂತ ಕನ್ನಡ ಹಾಕಿ ಓದಿ. ನೀವು ಹೇಳಬೇಕಾದದ್ದು ಅದೇ ಆದರೆ ‘ಗ್ರ್ಯಾಂಡಿಯೋಸ್’ ಬರೆಯಿರಿ. ‘ಆಡಂಬರದ ಯೋಜನೆ’ ಸರಿ ಹೋಗುತ್ತದೆ. ‘ಆಡಂಬರದ ಗುಡಿ’ ಅಂದರೆ ಕಾಶಿವಿಶ್ವೇಶ್ವರನ ಮುಂದೆ ನಿಂತು ಹೇಳಲು ಬಾಯಿ ಬರುತ್ತದೆಯೇ?

ಮುಂಡರಗಿ ಓದುಗ

ಬರುವುದಿಲ್ಲ. ಒಪ್ಪಿದೆ. ಆದರೂ ಪದಕ್ಕೆ ಒಳ್ಳೆಯ ಅರ್ಥವೂ ಇದೆ ಅನ್ನುವುದನ್ನು ಇಲ್ಲಿ ಓದುವವರು ಮರೆಯದಿರಲಿ. ಹಳೆಯ ಬರಹದಲ್ಲಿ ಆ ಪದ ಕಂಡ ಕೂಡಲೇ ಬೈಗುಳ ಅಂತ ತಿಳಿದರೆ ಅದೂ ತಪ್ಪಾಗುತ್ತದೆ.

ಲಕ್ಕುಂಡಿ ದಾರಿ, ಗದಗ

ಸರಿ, ಆ ಪದ ತೆಗೆಯುತ್ತೇನೆ. ಅದರ ಜಾಗಕ್ಕೆ ಏನು ಹಾಕಲಿ? ಮೆಜೆಸ್ಟಿಕ್ ಹಾಕಲೇ, ಮ್ಯಾಗ್ನಿಫಿಸೆಂಟ್ ಹಾಕಲೇ? ಅಥವಾ ‘ಇಂಪೋಸಿಂಗ್’?

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ

ಮೆಜೆಸ್ಟಿಕ್ ಅಂದರೆ ನನಗೆ ಬೆಂಗಳೂರು ಬಸ್ ಸ್ಟ್ಯಾಂಡೇ ಕಣ್ಣ ಮುಂದೆ ಬರುತ್ತದೆ.

ಸಪ್ತಾಪುರದ ಮೇಷ್ಟ್ರು, ಧಾರವಾಡ

ಎಲ್ಲರಿಗೂ ಅದೇ ಬರುತ್ತದೆ. ಅಲ್ಲಿದ್ದ ಮೆಜೆಸ್ಟಿಕ್ ಟಾಕೀಸಿನಿಂದ ಆ ಜಾಗಕ್ಕೆ ಹೆಸರು ಬಂತು.

ಈ ಪದಗಳನ್ನು ಒಂದೊಂದಾಗಿ ಹಿಡಿದು ನೋಡೋಣ. ‘ಮೆಜೆಸ್ಟಿಕ್’ ಅರಸರ ಪದ. ರಾಜರಾಣಿಯರನ್ನು ‘ಯುವರ್ ಮೆಜೆಸ್ಟಿ’ ಅನ್ನುತ್ತಾರಲ್ಲ, ಅದೇ. ಹಾಗಾಗಿ ರಾಜಕಳೆ ಇರುವುದಕ್ಕೆ ಒಪ್ಪುತ್ತದೆ. ಇಟಗಿಯ ಮಹಾದೇವ ಗುಡಿ ಇದೆ. ಕೊಪ್ಪಳ ಜಿಲ್ಲೆಯದಾದರೂ ಗದಗಿನವರಿಗೆ ಅದು ನೆರೆಮನೆ. ಅಲ್ಲಿನ 1112ರ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ‘ಮೆಜೆಸ್ಟಿಕ್’ಗೆ ಕನ್ನಡ ಹುಡುಕಲು ಒಂಬೈನೂರು ವರ್ಷ ಹಿಂದೆ ಹೋಗಬೇಕು ನೋಡಿ. ಅಲ್ಲಿ ಸಿದ್ಧವಾಗಿ ಇದೆ.

‘ಮ್ಯಾಗ್ನಿಫಿಸೆಂಟ್’ ಬೇರೆ. ಅದರ ಬೇರಿನಲ್ಲಿ ‘ದೊಡ್ಡದು’ ಮತ್ತು ‘ಮಾಡು’ ಎರಡೂ ಇವೆ. ದೊಡ್ಡದನ್ನು ಮಾಡಿದವರ ಪದ. ಇದನ್ನು ಓದಿದಾಗಲೆಲ್ಲ ನನಗೆ ಅತ್ತಿಮಬ್ಬೆ ನೆನಪಾಗುತ್ತಾಳೆ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಸಬೇಕು. ಅದು ದೊಡ್ಡ ಕೆಲಸ. ಅವಳಿಗೆ ‘ದಾನಚಿಂತಾಮಣಿ’ ಅಂತ ಬಿರುದು. ಇಟಲಿಯ ಫ್ಲಾರೆನ್ಸ್ ಆಳಿದ ಲೊರೆಂಜೊಗೆ, ತುರ್ಕಿಯ ಸುಲ್ತಾನ ಸುಲೇಮಾನನಿಗೆ ‘ಮ್ಯಾಗ್ನಿಫಿಸೆಂಟ್’ ಅಂತ ಬಿರುದಿತ್ತು. ಯಾರ ಹೆಸರಿನ ಮುಂದೆಯೂ ‘ಗ್ರ್ಯಾಂಡಿಯೋಸ್’ ಬಿರುದಾಗಿ ನಿಲ್ಲುವುದಿಲ್ಲ.

‘ಇಂಪೋಸಿಂಗ್’ ಅಂದರೆ ನೋಡಿದವರು ಒಂದು ಹೆಜ್ಜೆ ಹಿಂದೆ ನಿಲ್ಲುವಂಥದ್ದು. ಕೋಟೆಗೆ, ಎತ್ತರದ ಗೋಪುರಕ್ಕೆ ಸರಿ. ಲಕ್ಕುಂಡಿಗೆ ಬೇಡ.

ಇನ್ನು ನಮ್ಮ ‘ಭವ್ಯ’. ಇದು ನನಗೆ ಬಹಳ ಪ್ರೀತಿಯ ಪದ. ‘ಭೂ’ ಅಂದರೆ ಆಗು. ಭವ್ಯ ಅಂದರೆ ಆಗಬೇಕಾದದ್ದು, ತಕ್ಕದ್ದು, ಶುಭವಾದದ್ದು. ಗಾತ್ರದ ಮಾತೇ ಮೂಲದಲ್ಲಿ ಇಲ್ಲ. ಜೈನರಲ್ಲಿ ‘ಭವ್ಯ’ ಅಂದರೆ ಮೋಕ್ಷಕ್ಕೆ ಅರ್ಹವಾದ ಜೀವ. ಅತ್ತಿಮಬ್ಬೆ ಆ ಅರ್ಥದಲ್ಲೇ ಈ ಪದವನ್ನು ಕೇಳಿರುತ್ತಾಳೆ. ಆಮೇಲೆ ಕನ್ನಡದಲ್ಲಿ ಅದು ಕಟ್ಟಡಕ್ಕೂ ಮೆರವಣಿಗೆಗೂ ಬಂತು.

ಮುಂಡರಗಿ ಓದುಗ

ಮೇಷ್ಟ್ರೇ, ನಮ್ಮ ತಾಲ್ಲೂಕಿನ ಡಂಬಳವನ್ನು ಬಿಟ್ಟಿರಿ. ದೊಡ್ಡಬಸಪ್ಪನ ಗುಡಿ. ಅದರ ತಳವಿನ್ಯಾಸ ನಕ್ಷತ್ರದ್ದು, 24 ಮೂಲೆ. ಸುತ್ತ ನಡೆದರೆ ಗೋಡೆ ತಿರುಗುತ್ತಾ ಹೋದ ಹಾಗೆ ಅನಿಸುತ್ತದೆ. ಬೆಳಗಿನ ಬಿಸಿಲಿಗೆ ಒಂದೊಂದು ಮೂಲೆಗೂ ನೆರಳಿನ ಗೆರೆ ಬೀಳುತ್ತದೆ. ಹೆಸರಲ್ಲೇ ‘ದೊಡ್ಡ’ ಇದೆ, ಆದರೆ ಯಾರೂ ಅದನ್ನು ಆಡಂಬರ ಅನ್ನುವುದಿಲ್ಲ. ಬ್ಯಾಡಗಿಯವರು ಹೇಳಿದ ಹಾಗೆ, ಅಲ್ಲಿ ದೊಡ್ಡತನ ಇದೆ, ತೋರಿಸುವುದಿಲ್ಲ.

ಉಣಕಲ್ ಕೆರೆ, ಹುಬ್ಬಳ್ಳಿ

ನನ್ನ ಕೆಲಸದಿಂದ ಒಂದು ಮಾತು. ಜಾಹೀರಾತಿನವರು ವಿಶೇಷಣ ತುಂಬಿಸಿ ತರುತ್ತಾರೆ. ಎರಡು ಕೋಣೆಯ ಮನೆಗೂ ‘ಪ್ಯಾಲೇಶಿಯಲ್’, ಅಂದರೆ ಅರಮನೆಯಂಥದ್ದು. ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ನೋಡಿ. 1507 ಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ದಾಖಲೆ ಆಯಿತು. ಅದಕ್ಕೆ ಯಾರಾದರೂ ಗ್ರ್ಯಾಂಡಿಯೋಸ್, ಮೆಜೆಸ್ಟಿಕ್ ಅಂತ ಬರೆಯಬೇಕಾ? ಅಂಕಿ ಹೇಳಿದರೆ ಸಾಕು, ಕೇಳಿದವರೇ ಬಾಯಿ ತೆರೆಯುತ್ತಾರೆ. ತಂಗಿಯ ಹಾಳೆಯಲ್ಲೂ ವಿಶೇಷಣದ ಬದಲು ವಿಷಯ ಹಾಕಿದರೆ ಹೇಗೆ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ಇದು ಒಳ್ಳೆಯ ಸಲಹೆ. ಅಂದ ಹಾಗೆ ‘ಪ್ಯಾಲೇಶಿಯಲ್’ ಹುಟ್ಟಿದ್ದು ರೋಮ್ ನಗರದ ಪ್ಯಾಲಟೈನ್ ಗುಡ್ಡದಿಂದ. ಚಕ್ರವರ್ತಿಗಳ ಮನೆಗಳು ಆ ಗುಡ್ಡದ ಮೇಲಿದ್ದವು.

ಹಾನಗಲ್ಲಿನವಳು, ಈಗ ಜರ್ಮನಿ

ನಾನು ಒಂದು ಕೇಳಲಾ? ಕಾಶಿವಿಶ್ವೇಶ್ವರ ಗುಡಿಗೆ ದೊಡ್ಡದು ಎಂಬ ಅರ್ಥದ ಪದವೇ ಬೇಕಾ? ನಾನು ಶಾಲೆಯಿಂದ ಪ್ರವಾಸ ಬಂದಾಗ ನೋಡಿದ್ದು. ನೆನಪಿರುವುದು ಅದರ ಎತ್ತರ ಅಲ್ಲ. ಬಾಗಿಲ ಸುತ್ತ ಇದ್ದ ಕೆತ್ತನೆ. ಬಳ್ಳಿಯ ಒಳಗೆ ಬಳ್ಳಿ. ಮುಖ ಹತ್ತಿರ ತಂದಷ್ಟೂ ಹೊಸದು ಕಾಣಿಸುತ್ತಿತ್ತು. ಟೀಚರ್ ಕೈ ಹಿಡಿದು ಎಳೆದುಕೊಂಡು ಹೋದರು. ಅಲ್ಲಿಗೆ ‘ಗ್ರ್ಯಾಂಡ್’ ಕುಟುಂಬದ ಯಾವ ಪದವೂ ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ.

ಲಕ್ಕುಂಡಿ ದಾರಿ, ಗದಗ

ಗೆಳತಿ, ನೀನು ಹೇಳಿದ್ದು ಓದಿ ಇವತ್ತು ಸಂಜೆ ಮತ್ತೆ ಹೋಗಿ ನಿಂತೆ. ನಿಜ. ಆ ಹೆಂಗಸು ತಲೆ ಎತ್ತಿ ಗುಡಿ ನೋಡಿದ್ದು ಯಾಕೆ ಅಂತ ಈಗ ಗೊತ್ತಾಯಿತು. ನನ್ನ ಹಾಳೆ ದೊಡ್ಡದನ್ನು ಹೇಳಿತ್ತು. ಅವರು ದೊಡ್ಡದನ್ನು ಹುಡುಕಿದರು. ಅಲ್ಲಿ ಇದ್ದದ್ದು ಸಣ್ಣ ಸಣ್ಣ ಕೆಲಸ.

ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ನಮ್ಮದು ಬಳಪದ ಕಲ್ಲು. ಮೆತ್ತಗಿನ ಕಲ್ಲು, ಉಳಿಗೆ ಬೇಗ ಒಲಿಯುತ್ತದೆ. ಅದಕ್ಕೇ ಅಷ್ಟು ನವುರಾದ ಕುಸುರಿ ಸಾಧ್ಯವಾಯಿತು. ಕಂಬಗಳನ್ನು ನೋಡಿದರೆ ಬುಗುರಿಯ ಹಾಗೆ ತಿರುಗಿಸಿ ಕಡೆದಂತಿವೆ. ಇದನ್ನೆಲ್ಲ ನಾನು ಬಾಯಲ್ಲಿ ದಿನಾ ಹೇಳುತ್ತೇನೆ. ಬರೆಯುವಾಗ ಮಾತ್ರ ಬಿಟ್ಟು, ಒಂದು ದೊಡ್ಡ ಪದ ಇಟ್ಟು ಮುಂದೆ ಹೋಗಿದ್ದೆ.

ಶಿಗ್ಗಾವಿ ಹುಡುಗ, ಸದ್ಯ ಧಾರವಾಡ

ಅಕ್ಕಾ, ಕಾಶಿವಿಶ್ವೇಶ್ವರನ ಎದುರಿಗಿರುವ ಸೂರ್ಯನ ಗುಡಿಯ ವಿಷಯ ಹಾಕಿದ್ದೀರಾ? ಎದುರುಬದುರು ಎರಡು ಗರ್ಭಗುಡಿ ಇರುವುದು ನಮ್ಮ ಕಡೆ ಅಪರೂಪ ಅಲ್ವಾ?

ಲಕ್ಕುಂಡಿ ದಾರಿ, ಗದಗ

ಅದನ್ನೂ ಹಾಕುತ್ತಿದ್ದೇನೆ. ಹೊಸ ಹಾಳೆಯ ಶುರು ಹೀಗೆ ಮಾಡಿದ್ದೇನೆ. ಕನ್ನಡದಲ್ಲಿ ಹೇಳುತ್ತೇನೆ, ಇಂಗ್ಲಿಷಿಗೆ ನಾನೇ ಮಾಡಿಕೊಳ್ಳುತ್ತೇನೆ:

‘ಈ ಗುಡಿ ದೊಡ್ಡದಲ್ಲ. ಹತ್ತಿರ ಬನ್ನಿ. ಮೊದಲು ಬಾಗಿಲ ಚೌಕಟ್ಟು ನೋಡಿ, ಅವಸರ ಮಾಡಬೇಡಿ. ಶಿವನ ಎದುರಿಗೆ ಸೂರ್ಯನ ಚಿಕ್ಕ ಗುಡಿ ಇದೆ. ಇಬ್ಬರೂ ಮುಖಾಮುಖಿ ಇದ್ದಾರೆ. ಕಲ್ಲು ಮೆತ್ತಗಿನದು, ದಯವಿಟ್ಟು ಮುಟ್ಟಬೇಡಿ.’

ಒಂದೂ ದೊಡ್ಡ ಪದ ಹಾಕಿಲ್ಲ. ಅತ್ತಿಮಬ್ಬೆಯ ಸಾಲಿನಲ್ಲಿ ಮಾತ್ರ ‘ಮ್ಯಾಗ್ನಿಫಿಸೆಂಟ್’ ಇಟ್ಟಿದ್ದೇನೆ. ಮೇಷ್ಟ್ರೇ, ಇರಲಾ?

ಸಪ್ತಾಪುರದ ಮೇಷ್ಟ್ರು, ಧಾರವಾಡ

ಇರಲಿ. ಅವಳಿಗೆ ಇರಲೇಬೇಕು.

ಉಣಕಲ್ ಕೆರೆ, ಹುಬ್ಬಳ್ಳಿ

ತಂಗಿ, ಇಂಗ್ಲಿಷ್ ಹಾಳೆ ಸಿದ್ಧ ಆದ ಕೂಡಲೇ ಕಳಿಸು. ದಪ್ಪ ಕಾಗದದಲ್ಲಿ ನೂರು ಪ್ರತಿ ಹಾಕಿಕೊಡುತ್ತೇನೆ, ದುಡ್ಡು ಬೇಡ. ಕನ್ನಡದ್ದನ್ನೂ ಹಿಂದಿನ ಪುಟದಲ್ಲಿ ಹಾಕೋಣ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಿರಲಿ, ವಯಸ್ಸಾದವರಿಗೆ ಬಿಸಿಲಲ್ಲಿ ಓದಲು ಬರಬೇಕು.